ಬಿಪಿ ಪಾಠಕ್ಕೆ ಒಂದು ಉಪ್ಪಿನ ಪ್ಯಾಕೆಟ್ಟು

ಮೇ 17 ವಿಶ್ವ ಅಧಿಕ ರಕ್ತದೊತ್ತಡ ದಿನ, ಆದರೆ ಆಗ ಶಾಲೆಗೆ ಬೇಸಿಗೆ ರಜೆ. ನಮ್ಮ ಉತ್ತರ ಕನ್ನಡದಲ್ಲಿ ಶಿಕ್ಷಕರು ಮಕ್ಕಳಿಗೆ ಉಪ್ಪು ಮತ್ತು ಬಿಪಿಯ (ರಕ್ತದೊತ್ತಡದ) ಪಾಠ ಮಾಡಲು ಜುಲೈ ತಿಂಗಳೇ ಸರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಕಾರವಾರದಿಂದ ಭಟ್ಕಳದವರೆಗೆ ಒಣಮೀನಿನ ಡಬ್ಬ ತೆರೆಯುವ ಕಾಲ ಅದು. ಘಟ್ಟದ ಮೇಲೆ ಶಿರಸಿ ಕಡೆ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ. ಎಲ್ಲದರಲ್ಲೂ ಉಪ್ಪು.

ಹೆಚ್ಚಿನವರಲ್ಲಿ ಬಿಪಿಗೆ ಯಾವ ಲಕ್ಷಣವೂ ಇರದು, ಅಳೆದರೆ ಮಾತ್ರ ಗೊತ್ತಾಗುತ್ತದೆ ಎಂಬುದನ್ನು ಮೊದಲು ಹೇಳಿ. ರೋಗಗಳ ಪಟ್ಟಿ ಒಪ್ಪಿಸಿ ಹೆದರಿಸಬೇಡಿ. ಒಂದು ಬಟ್ಟಲಲ್ಲಿ ಉಪ್ಪು ಹಾಕಿ ಕಿಟಕಿ ಬಳಿ ತೆರೆದಿಡಿ. ಮಳೆಗಾಲದ ಗಾಳಿಗೆ ಮರುದಿನ ಅದು ಒದ್ದೆಮುದ್ದೆಯಾಗಿರುತ್ತದೆ. ಮೈಯೊಳಗೂ ಉಪ್ಪು ಹೆಚ್ಚಾದರೆ ನೀರು ಉಳಿಯುತ್ತದೆ, ರಕ್ತದ ಪ್ರಮಾಣ ಏರುತ್ತದೆ, ನಾಳಗಳ ಮೇಲೆ ಒತ್ತಡ ಬೀಳುತ್ತದೆ. (ಹೋಲಿಕೆ ಇಷ್ಟಕ್ಕೇ. ಒಳಗೆ ಆ ಕೆಲಸ ನಡೆಯುವುದು ಮೂತ್ರಪಿಂಡದ ಮೂಲಕ.)

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ ಉಪ್ಪು 5 ಗ್ರಾಂಗಿಂತ ಕಡಿಮೆ ಇರಬೇಕು. ಮಕ್ಕಳಿಗೆ ಇನ್ನೂ ಕಡಿಮೆ. ಅಂಗಡಿಯ ತಕ್ಕಡಿಯಲ್ಲಿ 5 ಗ್ರಾಂ ಸರಿಯಾಗಿ ತೂಗದು. 100 ಗ್ರಾಂ ತೂಗಿ, ಮಕ್ಕಳಿಂದಲೇ ಇಪ್ಪತ್ತು ಸಮ ಗುಡ್ಡೆ ಮಾಡಿಸಿ.

ಇನ್ನು ಮನೆಗೆಲಸ. ಒಂದು ಕಿಲೋ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಕು ಬರೆಯಲಿ, ಮುಗಿದ ದಿನವೂ ಬರೆಯಲಿ. 1000 ಗ್ರಾಂ ಅನ್ನು ದಿನಗಳಿಂದ ಭಾಗಿಸಿ, ಬಂದದ್ದನ್ನು ಮನೆಯ ಜನಸಂಖ್ಯೆಯಿಂದ ಭಾಗಿಸಲಿ. ನಾಲ್ವರ ಮನೆಯಲ್ಲಿ 25 ದಿನಕ್ಕೆ ಖಾಲಿಯಾದರೆ ತಲಾ 10 ಗ್ರಾಂ. 50 ದಿನ ಬಂದರೆ 5 ಗ್ರಾಂ. ಲೆಕ್ಕ ತಪ್ಪುವುದು ಎರಡು ಕಡೆ. ಮೀನು ತೊಳೆಯಲು, ದನದ ಅಕ್ಕಚ್ಚಿಗೆ, ಉಪ್ಪಿನಕಾಯಿ ಹಾಕಲು ಅದೇ ಪ್ಯಾಕೆಟ್ಟಿನಿಂದ ತೆಗೆದರೆ ಅಂಕಿ ಸುಮ್ಮನೆ ಏರುತ್ತದೆ. ಅದಕ್ಕೆ ಬೇರೆ ಉಪ್ಪು ಇಡಿ. ಒಣಮೀನು, ಬಿಸ್ಕತ್ತು, ಹೋಟೆಲ್ ತಿಂಡಿಯ ಉಪ್ಪು ಲೆಕ್ಕಕ್ಕೇ ಬರುವುದಿಲ್ಲ, ಹಾಗಾಗಿ ನಿಜದ ಅಂಕಿ ಇನ್ನೂ ಹೆಚ್ಚಿರಬಹುದು. ತಿಂಡಿ ಪೊಟ್ಟಣದ ಮೇಲೆ 400 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ ಸುಮಾರು 1 ಗ್ರಾಂ ಉಪ್ಪು. ಮನೆಮನೆಯ ಅಂಕಿಯನ್ನು ತರಗತಿಯಲ್ಲಿ ಓದಿಸಲೇಬೇಡಿ. ಆ ಮನೆಯ ಮುಂದಿನ ಪ್ಯಾಕೆಟ್ಟಿನೊಂದಿಗೆ ಮಾತ್ರ ಹೋಲಿಸಿ.

ಅಡುಗೆಯಲ್ಲಿ ಉಪ್ಪು ಇಳಿಸಲು ಒಣ ಬಂಗಡೆಯನ್ನು ಧಾರಾಳ ನೀರಲ್ಲಿ ಅರ್ಧ ಗಂಟೆ ನೆನೆಸಿ, ನೀರು ಚೆಲ್ಲಿ, ಇನ್ನೊಮ್ಮೆ ನೆನೆಸಿ. ಸಾರು ಕುದಿದು ರುಚಿ ನೋಡುವ ತನಕ ಉಪ್ಪು ಹಾಕಬೇಡಿ. ಹುಳಿ ಚೆನ್ನಾಗಿದ್ದರೆ ಕಡಿಮೆ ಉಪ್ಪು ನಾಲಿಗೆಗೆ ಅಷ್ಟು ತಿಳಿಯದು. ಆದರೆ ಮುರುಗಲು (ಕೋಕಂ) ಸಿಪ್ಪೆಯನ್ನು ಉಪ್ಪು ಹಾಕಿ ಒಣಗಿಸಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಲ್ಲುಪ್ಪಾದರೂ ಪುಡಿ ಉಪ್ಪಾದರೂ ಗ್ರಾಂಗೆ ಗ್ರಾಂ ಸೋಡಿಯಂ ಹೆಚ್ಚುಕಡಿಮೆ ಒಂದೇ. ಬಳಸುವುದು ಮಾತ್ರ ಅಯೋಡಿನ್ ಇರುವುದೇ ಆಗಿರಲಿ. ಸೋಡಿಯಂ ಕಡಿಮೆ ಇರುವ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು, ಬಿಪಿ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಅದನ್ನು ತರಬಾರದು.

ಪಾಲಕರ ಸಭೆಯ ದಿನ ಬಿಪಿ ಅಳೆಯುವುದಾದರೆ ಆರೋಗ್ಯ ಕೇಂದ್ರದವರನ್ನು ಕರೆಯಿರಿ. ಮಕ್ಕಳಿಗೆ ಕೂರಿಸುವ ಕೆಲಸ ಕೊಡಿ, ಅವರು ಬಲು ಮುತುವರ್ಜಿಯಿಂದ ಮಾಡುತ್ತಾರೆ: "ಅಜ್ಜಿ, ಕಾಲ ಮೇಲೆ ಕಾಲು ಹಾಕಡಿ, ಮಾತಾಡಡಿ" (ಹಾಕಬೇಡಿ, ಮಾತಾಡಬೇಡಿ). ಅಳೆಯುವ ಅರ್ಧ ಗಂಟೆ ಮೊದಲಿನಿಂದ ಚಹಾ, ಕವಳ (ಎಲೆಅಡಿಕೆ), ಬೀಡಿ ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಬೇಕು. ತೋಳು ಎದೆಮಟ್ಟದಲ್ಲಿ ಮೇಜಿನ ಮೇಲಿರಲಿ, ಬಿಪಿ ಯಂತ್ರದ ಪಟ್ಟಿಯನ್ನು ಬರಿತೋಳಿಗೆ ಕಟ್ಟಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೂ, ತೋಳು ಜೋತುಬಿದ್ದರೂ ಅಂಕಿ ಸುಳ್ಳೇ ಏರುತ್ತದೆ. ಒಂದೆರಡು ನಿಮಿಷ ಬಿಟ್ಟು ಮತ್ತೆ ಅಳೆದು ಎರಡನ್ನೂ ಚೀಟಿಯಲ್ಲಿ ಬರೆಯಿರಿ.

ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ ಮೇಲಿನದು 140 ಅಥವಾ ಕೆಳಗಿನದು 90, ಇಲ್ಲವೇ ಅದಕ್ಕೂ ಹೆಚ್ಚು ಬಂದರೆ ಅಧಿಕ ರಕ್ತದೊತ್ತಡ; ಒಂದೇ ಸಲದ ಅಂಕಿಯಿಂದ ತೀರ್ಮಾನ ಬೇಡ. ಈ ಅಂಕಿಗಳು ದೊಡ್ಡವರದು. ಮಕ್ಕಳದ್ದು ವಯಸ್ಸು, ಎತ್ತರ, ಗಂಡು-ಹೆಣ್ಣು ನೋಡಿ ವೈದ್ಯರೇ ಹೇಳಬೇಕು. ಮಾತ್ರೆ ನುಂಗಿ ಬಿಪಿ ಇಳಿದವರು ತಾವಾಗಿಯೇ ಮಾತ್ರೆ ಬಿಡಬಾರದು, ಇಳಿದದ್ದು ಮಾತ್ರೆಯಿಂದಲೇ. ಅಂಕಿ 180/120 ದಾಟಿ ಎದೆನೋವು, ಉಸಿರುಗಟ್ಟುವಿಕೆ ಇದ್ದರೆ ಮರು ಅಳತೆಗೆ ಕಾಯದೆ 108ಕ್ಕೆ ಕರೆ ಮಾಡಿ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಬದಿಯ ಕೈಕಾಲು ಸೋತರೆ ಅಂಕಿ ಎಷ್ಟೇ ಇರಲಿ, ಕರೆ ಮಾಡಿ. ಈ ಸಂಖ್ಯೆ ಮಗುವಿಗೂ ಬಾಯಿಪಾಠ ಇರಲಿ.