ಸಾಮಾನು ತರೋ ಬೆನ್ನಿನ ಬ್ಯಾಗು: ಹಳೆಯದು ಹೋಯ್ತು, ಹೊಸದನ್ನು ಹುಡುಕಿದ್ದು ಹೀಗೆ

ನಾನು ಇರೋದು ಬೆಂಗಳೂರಿನ ಹನುಮಂತನಗರದಲ್ಲಿ. ತರಕಾರಿ, ತೆಂಗಿನಕಾಯಿ, ಔಷಧಿ, ಮಿಲ್ಲಿನಿಂದ ರಾಗಿ ಹಿಟ್ಟು, ಹೀಗೆ ಮನೆಗೆ ಬೇಕಾದ ಮುಕ್ಕಾಲು ಪಾಲು ಸಾಮಾನು ಗಾಂಧಿ ಬಜಾರ್ ಕಡೆಯಿಂದ ನಡೆದೇ ತರುತ್ತೇನೆ. ಗಾಡಿ ತೆಗೆದುಕೊಂಡು ಹೋದರೆ ಅದನ್ನು ನಿಲ್ಲಿಸೋಕೆ ಜಾಗ ಹುಡುಕೋದೇ ಒಂದು ಕೆಲಸ. ಕೈಚೀಲದಲ್ಲಿ ತಂದರೆ ಬೆರಳು ಕೊರೆಯುತ್ತೆ. ಜೊತೆಗೆ ನಮ್ಮ ಫುಟ್‌ಪಾತ್‌ಗಳಲ್ಲಿ ಕಲ್ಲು ಎದ್ದಿರೋ ಕಡೆ, ಗಾಡಿ ಹತ್ತಿಸಿರೋ ಕಡೆ ಇಳಿದು ಹತ್ತಿ ನಡೆಯೋವಾಗ ಎರಡೂ ಕೈ ಖಾಲಿ ಇದ್ದರೆ ವಾಸಿ. ಅದಕ್ಕೇ ಬೆನ್ನಿಗೆ ಬ್ಯಾಗು.

ಹಳೆಯದು ಆಫೀಸಿಗೆ ಅಂತ ತಗೊಂಡಿದ್ದ ಲ್ಯಾಪ್‌ಟಾಪ್ ಬ್ಯಾಗು. ಮೊದಲು ಕೈ ಕೊಟ್ಟಿದ್ದು ಜಿಪ್. ರನ್ನರ್ ಮುಂದೆ ಹೋಗುತ್ತೆ, ಹಿಂದೆ ಹಲ್ಲು ಬಾಯಿ ಬಿಟ್ಟುಕೊಳ್ಳುತ್ತೆ. ಹೀಗಾದಾಗ ಜಿಪ್ಪೇ ಹೋಯ್ತು ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಸವೆದಿರೋದು ರನ್ನರ್ ಮಾತ್ರ. ಅದರ ಎರಡೂ ಪಕ್ಕವನ್ನು ಇಕ್ಕಳದಲ್ಲಿ ಮೆಲ್ಲಗೆ, ನಿಜಕ್ಕೂ ಮೆಲ್ಲಗೆ ಒತ್ತಿದರೆ ಇನ್ನಷ್ಟು ದಿನ ಓಡುತ್ತೆ. ಆಮೇಲೆ ಬ್ಯಾಗ್ ರಿಪೇರಿಯವರ ಹತ್ತಿರ ಹೊಸ ರನ್ನರ್ ಹಾಕಿಸಿದೆ. ಭುಜದ ಪಟ್ಟಿ ಬುಡದಲ್ಲಿ ಬಿಟ್ಟುಕೊಂಡಾಗ ಚಪ್ಪಲಿ ಹೊಲಿಯುವವರು ದಪ್ಪ ದಾರದಲ್ಲಿ ಹೊಲಿದುಕೊಟ್ಟರು. ಆ ಹೊಲಿಗೆ ಕೊನೆವರೆಗೂ ಗಟ್ಟಿಯಾಗೇ ಇತ್ತು.

ಬ್ಯಾಗಿನ ಕಥೆ ಮುಗಿಸಿದ್ದು ಬೇರೆಯದೇ. ಒಂದು ದಿನ ದಂಟಿನ ಸೊಪ್ಪು ತೆಗೆದು ನೋಡಿದರೆ ಎಲೆ ಮೇಲೆಲ್ಲ ಬಿಳಿ ಪುಡಿ. ಒಳಗೆ ಕೈ ಹಾಕಿದರೆ ಅಂಟು ಅಂಟು. ಬಟ್ಟೆಗೆ ನೀರು ಇಳಿಯದಿರಲಿ ಅಂತ ಒಳಗಡೆ ಪಾಲಿಯುರಿಥೇನ್ ಲೇಪನ ಕೊಟ್ಟಿರುತ್ತಾರೆ. ಗಾಳಿಯಲ್ಲಿರೋ ತೇವಕ್ಕೇ ಅದು ವರ್ಷಗಳು ಕಳೆದಂತೆ ಒಡೆದು, ಮೊದಲು ಅಂಟಾಗಿ ಆಮೇಲೆ ಪದರ ಪದರ ಉದುರುತ್ತೆ. ಬಳಸದೆ ಅಟ್ಟದ ಮೇಲೆ ಇಟ್ಟ ಬ್ಯಾಗಿಗೂ ಇದೇ ಗತಿ. ಯಾರೋ ಉಡುಗೊರೆ ಕೊಟ್ಟ ಬ್ಯಾಗು ಜೋಪಾನವಾಗಿ ಎತ್ತಿಟ್ಟಿದ್ದೆವಲ್ಲ ಅಂತ ಇಳಿಸಿ ನೋಡಿದರೆ ಅದೂ ಅಂಟುತ್ತಿತ್ತು. ಜಿಪ್ ಹೋದರೆ, ಪಟ್ಟಿ ಹರಿದರೆ ರಿಪೇರಿ ಮಾಡಿಸಿ. ಲೇಪನ ಉದುರೋಕೆ ಶುರುವಾದ ಬ್ಯಾಗಿಗೆ ದುಡ್ಡು ಹಾಕೋದು ದಂಡ. ತಿನ್ನೋ ಪದಾರ್ಥ ಹಾಕೋದಾದರೆ ಅಂತೂ ಯೋಚನೆ ಮಾಡೋದೇ ಬೇಡ.

ಸರಿ, ಹೊಸದು ತಗೊಳ್ಳೋಣ ಅಂತ ಫೋನಿನಲ್ಲಿ ಹುಡುಕಿದರೆ ಬರೋದೆಲ್ಲ ಲ್ಯಾಪ್‌ಟಾಪ್ ಬ್ಯಾಗುಗಳೇ. ಒಂದೊಂದಕ್ಕೆ ಮೂರು ನಾಲ್ಕು ಖಾನೆ, ಪೆನ್ನಿಗೆ ಜಾಗ, ಚಾರ್ಜರಿಗೆ ವೈರು. ತರಕಾರಿಗೆ ಇದ್ಯಾವುದೂ ಬೇಕಿಲ್ಲ. ಖಾನೆ ಜಾಸ್ತಿ ಇದ್ದಷ್ಟೂ ಒಂದು ಹೂಕೋಸು ಇಡೋಕೆ ಜಾಗ ಇರಲ್ಲ. ನನಗೆ ಬೇಕಾಗಿದ್ದು ಒಂದೇ ದೊಡ್ಡ ಖಾನೆ, ಅಗಲ ಬಾಯಿ, ಗಟ್ಟಿ ತಳ, 20ರಿಂದ 25 ಲೀಟರ್ ಅಳತೆ. 35 ಲೀಟರಿನದು ತಗೊಂಡರೆ ತುಂಬಿಸಿಬಿಡ್ತೀವಿ, ಆಮೇಲೆ ಹೊರೋಕಾಗಲ್ಲ.

ಫೋಟೋ ನೋಡಿ ಭಾರ ಗೊತ್ತಾಗಲ್ಲ ಅಲ್ವಾ? ಹಾಗಾಗಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಗೆ ಹೋದೆ. ಹೋಗೋವಾಗ ಹಳೇ ಬ್ಯಾಗಿನಲ್ಲಿ ಐದು ಕೆಜಿ ಅಕ್ಕಿ ಪ್ಯಾಕೆಟ್ ಹಾಕಿಕೊಂಡು ಹೋಗಿದ್ದೆ. ಅಂಗಡಿಯಲ್ಲಿ ಅದನ್ನು ತೆಗೆದು ಹೊಸ ಬ್ಯಾಗಿಗೆ ಇಳಿಸಿದಾಗ ಅಂಗಡಿಯವರು ನಕ್ಕುಬಿಟ್ಟರು. "ಏನ್ ಸಾರ್, ರೇಷನ್ ಜೊತೇಲೇ ಬಂದಿದ್ದೀರಾ?" ಅಂದರು. ಆದರೆ ಖಾಲಿ ಬ್ಯಾಗು ಯಾವುದನ್ನು ಹಾಕಿಕೊಂಡರೂ ಹಾಯಾಗೇ ಇರುತ್ತೆ. ಅಕ್ಕಿ ಹಾಕಿದ ಮೇಲೆ ಎರಡು ಬ್ಯಾಗು ಅಲ್ಲೇ ಔಟ್. ಒಂದರ ಪಟ್ಟಿ ಕತ್ತಿನ ಬುಡಕ್ಕೆ ಕೊರೆಯಿತು, ಇನ್ನೊಂದರ ತಳ ಜೋತುಬಿದ್ದು ಸೊಂಟಕ್ಕೆ ಬಡಿಯಿತು.

ಅಂಗಡಿಯವರು ಒಂದೊಂದಕ್ಕೂ "ಇದು 600 ಡಿನಿಯರ್ ಸಾರ್, ಹರಿಯೋ ಮಾತೇ ಇಲ್ಲ" ಅನ್ನುತ್ತಿದ್ದರು. ಡಿನಿಯರ್ ಅಂದರೆ ನೂಲಿನ ತೂಕ. ಒಂಬತ್ತು ಕಿಲೋಮೀಟರ್ ಉದ್ದದ ನೂಲು 600 ಗ್ರಾಂ ತೂಗಿದರೆ ಅದು 600 ಡಿನಿಯರ್. ದಿನಬಳಕೆಗೆ ಅಷ್ಟು ಸಾಕು. ಆದರೆ ಬಟ್ಟೆ ಹರಿದು ಹಾಳಾದ ಬ್ಯಾಗನ್ನು ನಾನು ಕಂಡಿರೋದು ಕಡಿಮೆ. ಹೋಗೋದು ಹೊಲಿಗೆ. ಅದಕ್ಕೆ ಬ್ಯಾಗನ್ನು ಒಳಮಗ್ಗಲು ಮಾಡಿ ನೋಡಿದೆ. ಬಟ್ಟೆಯ ಅಂಚುಗಳನ್ನು ಪಟ್ಟಿ ಇಟ್ಟು ಮುಚ್ಚಿ ಹೊಲಿದಿದ್ದಾರಾ, ಇಲ್ಲ ನೂಲು ಸುಮ್ನೆ ಎದ್ದಿದೆಯಾ? ಭುಜದ ಪಟ್ಟಿ ಸೇರೋ ಕಡೆ ಚೌಕ ಹೊಡೆದು ನಡುವೆ ಅಡ್ಡಡ್ಡ ಹೊಲಿಗೆ ಹಾಕಿದ್ದಾರಾ, ಒಂದೇ ಸಾಲಾ? ಜಿಪ್ ರನ್ನರ್‌ನ ಹಿಂಬದಿ 5, 8, 10 ಅಂತ ಸಂಖ್ಯೆ ಇರುತ್ತೆ. ಸಂಖ್ಯೆ ದೊಡ್ಡದಾದಷ್ಟೂ ಜಿಪ್ಪಿನ ಹಲ್ಲು ಅಗಲ. ದೊಡ್ಡ ಖಾನೆಗೆ 8 ಇದ್ದದ್ದನ್ನೇ ಆರಿಸಿದೆ.

ಇನ್ನೊಂದು, ಒಳಗಿನ ಬಟ್ಟೆಯ ಬಣ್ಣ. ಕಪ್ಪಾಗಿದ್ದರೆ ತಳದಲ್ಲಿ ಬಿದ್ದ ಬೀಗದ ಕೈ, ಚಿಲ್ಲರೆ ಕಾಣಲ್ಲ. ನನಗೆ ಸಿಕ್ಕಿದ್ದು ತಿಳಿ ಬೂದು. 1,300 ಹೇಳಿದರು, 950ಕ್ಕೆ ಬಂತು. ಚೌಕಾಶಿಯಲ್ಲಿ ನಾನು ಅಷ್ಟೇನೂ ಗಟ್ಟಿಗನಲ್ಲ, ನಿಮಗೆ ಇನ್ನೂ ಕಮ್ಮಿಗೆ ಸಿಗಬಹುದು.

ತುಂಬಿಸೋದರಲ್ಲೂ ಕ್ರಮ ಇದೆ. ತೆಂಗಿನಕಾಯಿ, ಹಿಟ್ಟು, ಆಲೂಗಡ್ಡೆ ಬೆನ್ನಿಗೆ ಒತ್ತಿದಂತೆ ಇರಬೇಕು. ಭಾರ ಹೊರಗಡೆಗೆ ಹೋದಷ್ಟೂ ಭುಜ ಹಿಂದಕ್ಕೆ ಎಳೆಯುತ್ತೆ. ಟೊಮೆಟೊ, ಬಾಳೆಹಣ್ಣು ಕೊನೆಗೆ ಮೇಲೆ. ಕೊತ್ತಂಬರಿ ಕಟ್ಟನ್ನು ಎರಡು ರನ್ನರ್ ನಡುವೆ ತಲೆ ಹೊರಗೆ ಹಾಕಿ ಇಟ್ಟರೆ ಬಾಡಲ್ಲ, ನಜ್ಜುಗುಜ್ಜೂ ಆಗಲ್ಲ. ನಂದಿನಿ ಹಾಲಿನ ಪ್ಯಾಕೆಟ್ ಮಾತ್ರ ಸೀದಾ ಹಾಕಬೇಡಿ. ತಣ್ಣಗಿದ್ದು ನೀರು ಬೆವರುತ್ತೆ. ನಾನು ಅದಕ್ಕೆ ಅಂತಲೇ ಮುಚ್ಚಳದ ಒಂದು ಸ್ಟೀಲ್ ಡಬ್ಬಿ ಬ್ಯಾಗಿನ ತಳದಲ್ಲಿ ಇಟ್ಟಿದ್ದೇನೆ. ಒದ್ದೆ ಸೊಪ್ಪಿಗೆ ತೆಳು ಬಟ್ಟೆ ಚೀಲ ಬೇರೆ. ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಚೀಲ ನಿಷೇಧ ಆಗಿದ್ದರೂ ತಳ್ಳುಗಾಡಿಯಲ್ಲಿ ಇವತ್ತಿಗೂ ತೆಳು ಕವರಿಗೆ ಹಾಕಿ ಕೊಡೋಕೆ ಬರ್ತಾರೆ. ಅಷ್ಟರಲ್ಲಿ ನಮ್ಮ ಚೀಲ ಬಾಯಿ ತೆರೆದು ಮುಂದೆ ಹಿಡಿದಿರಬೇಕು.

ಸೂಪರ್ ಮಾರ್ಕೆಟ್ಟಿನದು ಬೇರೆ ತಾಪತ್ರಯ. ಒಳಗೆ ಹೋಗೋ ಮೊದಲು ಬ್ಯಾಗನ್ನು ಕೌಂಟರಿನಲ್ಲಿ ಇಡಿ ಅನ್ನುತ್ತಾರೆ, ಇಲ್ಲವೇ ಎರಡು ರನ್ನರಿಗೂ ಸೇರಿಸಿ ಪ್ಲಾಸ್ಟಿಕ್ ಪಟ್ಟಿ ಬಿಗಿದು ಕಳಿಸುತ್ತಾರೆ. ಒಂದೇ ರನ್ನರ್ ಇರೋ ಬ್ಯಾಗಿಗೆ ಪಟ್ಟಿ ಕಟ್ಟೋದು ಎಲ್ಲಿಗೆ? ಎರಡಿದ್ದು, ಎರಡರಲ್ಲೂ ತೂತಿದ್ದರೆ ಒಳ್ಳೆಯದು.

ಒಗೆಯೋದಕ್ಕೆ ಮೆಷಿನ್ನಿಗೆ ಹಾಕಲ್ಲ. ಬಕೆಟ್ಟಿನಲ್ಲಿ ತಣ್ಣೀರು, ಸ್ವಲ್ಪ ಸೋಪಿನ ಪುಡಿ, ಮೆತ್ತನೆ ಬ್ರಷ್, ಆಮೇಲೆ ಒಳಮಗ್ಗಲು ಮಾಡಿ ನೆರಳಿನಲ್ಲಿ ನೇತುಹಾಕೋದು. ಬಿಸಿನೀರು ಲೇಪನಕ್ಕೆ ಆಗಿಬರಲ್ಲ. ಪೂರ್ತಿ ಒಣಗೋ ತನಕ ಮಡಚಿ ಇಡೋದೂ ಇಲ್ಲ.

ಹೊಸ ಬ್ಯಾಗಿನ ಮೇಲೆ ಒಂದೇ ತಕರಾರು, ಪಕ್ಕದ ಬಾಟಲಿ ಜೇಬು ತೀರಾ ಮೋಟು. ಛತ್ರಿ ಇಟ್ಟರೆ ಬಗ್ಗಿದಾಗ ಜಾರಿ ಬೀಳುತ್ತೆ. ಮೇಲೊಂದು ಎಲಾಸ್ಟಿಕ್ ಪಟ್ಟಿ ಹಾಕಿಕೊಡಿ ಅಂತ ಬೀದಿ ಕೊನೆಯ ಟೈಲರ್‌ಗೆ ಹೇಳಿದ್ದೇನೆ. ಹಬ್ಬದ ಬ್ಲೌಸ್‌ಗಳು ಮುಗೀಲಿ, ಆಮೇಲೆ ತನ್ನಿ ಅಂದಿದ್ದಾರೆ.