ರೊಟ್ಟಿ ಬಡಿಯುವ ಸದ್ದು ಮತ್ತು ನನ್ನ ಹಾವು

ಹೆದರಿದಾಗ ಚೆಂಡಿನಂತೆ ಸುತ್ತಿಕೊಳ್ಳುವ ಬಾಲ್ ಪೈಥಾನ್ ಎಂಬ ಸಣ್ಣ ಹೆಬ್ಬಾವು ಬಳ್ಳಾರಿಯ ಬಿಸಿಲಿಗೆ ಉಳಿಯುವುದಿಲ್ಲ, ಉಳಿದರೂ ಕೈಗೆ ಬರುವುದಿಲ್ಲ ಎಂದು ಬೆಂಗಳೂರಿನ ಗೆಳೆಯರು ನನ್ನನ್ನು ಎರಡು ವರ್ಷ ಗೇಲಿ ಮಾಡಿದರು. ನಾಲ್ಕನೆಯ ಬೇಸಿಗೆ ಈಗ ಮುಗಿದಿದೆ. ಸುಮಾರು ಒಂದೂಕಾಲು ಕೆಜಿ ತೂಗುವ ನನ್ನ ಹೆಣ್ಣು ಹಾವು ಚೆಂಡಾಗಿ ಮುದುಡಿಕೊಳ್ಳದೆ, ಬೆಳಗಿನ ಹೊತ್ತು ಅರ್ಧ ಗಂಟೆ ನನ್ನ ಮುಂಗೈ ಮೇಲೆ ನಿಧಾನವಾಗಿ ಹರಿದಾಡುತ್ತದೆ.

ನಮ್ಮ ನಾಡಿನ ಹಾವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ; ಆದ್ದರಿಂದ ಕೇರೆಹಾವನ್ನು ಹಿಡಿದು ತಂದು ಪಳಗಿಸುವ ಮಾತನ್ನು ಇಲ್ಲಿ ಯಾರೂ ಎತ್ತಬಾರದು. ನನ್ನದು ಆಫ್ರಿಕಾ ಮೂಲದ ಜಾತಿ, ಸಾಕಣೆಯಲ್ಲಿಯೇ ಹುಟ್ಟಿದ ಮರಿ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿಯಾಗಿರುವುದು. ಮರಿಗೆ 18,000, ಗೂಡಿಗೂ ಥರ್ಮೋಸ್ಟಾಟಿಗೂ ಸೇರಿ 9,000 ರೂಪಾಯಿಯಷ್ಟು ಹೋಯಿತು ಎಂದು ನೆನಪು.

ಮೊದಲ ಪೆಟ್ಟು ಬಿದ್ದದ್ದು ಗೂಡನ್ನು ಬೆಚ್ಚಗಿಡುವ ಹೀಟ್ ಮ್ಯಾಟಿನಲ್ಲಿ. ಚಳಿ ದೇಶದವರ ಸಲಹೆಯನ್ನು ನಂಬಿ 2,000 ರೂಪಾಯಿ ಕೊಟ್ಟು ತಂದ ಅದು ಡಿಸೆಂಬರ್, ಜನವರಿಯ ಕೆಲವು ರಾತ್ರಿಗಳನ್ನು ಬಿಟ್ಟರೆ ಅಟ್ಟದ ಮೇಲೆಯೇ ಇರುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟುವ ಊರಿನಲ್ಲಿ ಸವಾಲು ಇರುವುದು ತಂಪು ಮಾಡುವುದರಲ್ಲಿ. ಕೋಣೆಗೆ ಕೂಲರ್ ಹಾಕಿದೆ. ಕಿಟಕಿ ಮುಚ್ಚಿದ್ದರಿಂದ ಗಾಳಿಯ ತೇವ ಶೇಕಡಾ ಎಂಬತ್ತು ದಾಟಿ ಹಾವಿನ ಹೊಟ್ಟೆಯ ಹುರುಪೆಗಳ ಮೇಲೆ ಬೊಬ್ಬೆಗಳೆದ್ದವು. ಊರಿನಲ್ಲಿ ಹಾವು ನೋಡುವ ಪಶುವೈದ್ಯರು ಸಿಗದೆ ಬಾಡಿಗೆ ಕಾರಿನಲ್ಲಿ ಬೆಂಗಳೂರಿಗೆ ಹೋಗಿ ಬರಲು 11,000 ಖರ್ಚಾಯಿತು. ಮರುವರ್ಷ ಕೂಲರನ್ನು ತೆಗೆದು, ಗೂಡಿನ ಒಂದು ಬದಿಗೆ ಒದ್ದೆ ಗೋಣಿಚೀಲ ಸುತ್ತಿ, ಒಳಗೆ ಹೊಸ ಮಣ್ಣಿನ ಮಡಕೆಯೊಂದನ್ನು ತೆಂಗಿನ ನಾರಿನ ಪುಡಿಯಲ್ಲಿ ಅರ್ಧ ಹೂತಿಟ್ಟೆ. ಒಂದು ತುದಿ 32, ಇನ್ನೊಂದು ತುದಿ 27 ಡಿಗ್ರಿಯ ಆಸುಪಾಸು, ತೇವ ಅರವತ್ತರ ಆಚೀಚೆ ನಿಂತಿತು. ನಾರಿನ ಪುಡಿಗೆ ನಾನು ಬೆರೆಸುವ ಇನ್ನೊಂದು ವಸ್ತುವನ್ನೂ ಅದರ ಅಳತೆಯನ್ನೂ ಇಲ್ಲಿ ಬರೆಯಲಾರೆ. ಎರಡು ಬೇಸಿಗೆ ಕಳೆದು ಕಲಿತದ್ದನ್ನು ಪುಕ್ಕಟೆ ಕೊಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ತಂಪಾದರೂ ಹಾವು ಪಳಗಲಿಲ್ಲ. ಐದು ತಿಂಗಳು ಇಲಿಯನ್ನು ಮೂಸಿಯೂ ನೋಡಲಿಲ್ಲ. ಸಂಜೆಯಾಯಿತೆಂದರೆ ತಲೆಯನ್ನು ಸುರುಳಿಯ ನಡುವೆ ಹುದುಗಿಸಿಕೊಂಡು ಕಲ್ಲಿನಂತೆ ಕೂರುತ್ತಿತ್ತು. ಈ ಜಾತಿ ತಿಂಗಳುಗಟ್ಟಲೆ ಉಪವಾಸ ಮಾಡುವುದು ಹೊಸತಲ್ಲವಾದರೂ, ದಿನವೂ ಒಂದೇ ಹೊತ್ತಿಗೆ ಹೆದರುವುದು ನನಗೆ ವಿಚಿತ್ರವಾಗಿ ಕಂಡಿತು. ಒಂದು ಸಂಜೆ ಗೂಡಿನ ಮೇಲೆ ಕೈಯಿಟ್ಟು ನಿಂತಿದ್ದಾಗ ಅಂಗೈಗೆ ಸಣ್ಣ ಅದುರು ತಾಗಿತು. ಗೂಡು ಇದ್ದದ್ದು ಗೋಡೆಯಲ್ಲಿ ಹುಗಿದ ಕಡಪ ಕಲ್ಲಿನ ಹಲಗೆಯ ಮೇಲೆ. ಗೋಡೆಯ ಆಚೆ ಅಡುಗೆಮನೆಯಲ್ಲಿ ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಗಾಳಿಯಲ್ಲಿ ಬರುವ ಕೂಗಿಗಿಂತ ನೆಲದಿಂದ ಬರುವ ಅದುರು ಹಾವಿಗೆ ದವಡೆಯ ಮೂಲಕ ಚೆನ್ನಾಗಿ ತಿಳಿಯುತ್ತದೆಂಬುದು ನಮಗೆಲ್ಲ ಗೊತ್ತು. ಗೊತ್ತಿದ್ದೂ ಐದು ತಿಂಗಳು ನನಗೆ ಹೊಳೆಯಲಿಲ್ಲ. "ನಿನ್ನ ಹಾವಿನ ಸಲುವಾಗಿ ರೊಟ್ಟಿ ಬಿಟ್ಟು ಅನ್ನ ಉಣ್ಣಬೇಕೇನೋ?" ಎಂದು ಅವ್ವ ಕೇಳಿದ್ದು ನ್ಯಾಯವೇ. ಮೋಟಾರು ರಿವೈಂಡಿಂಗ್ ಅಂಗಡಿಯಲ್ಲಿ ಬಿದ್ದಿದ್ದ ಹಳೆಯ ಸ್ಕೂಟರ್ ಟ್ಯೂಬನ್ನು ನಾಲ್ಕು ಪದರ ಮಡಿಸಿ ಗೂಡಿನ ಕಾಲುಗಳ ಕೆಳಗಿಟ್ಟೆ. ಖರ್ಚು ಸೊನ್ನೆ. ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ, ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿರುವಾಗಲೇ, ಇಲಿ ತಿಂದಿತು.

ಅಲ್ಲಿಂದ ಕೆಲಸ ಸುಲಭವಾಯಿತು. ಊಟ ಯಾವಾಗಲೂ ಸಂಜೆ, ಇಕ್ಕಳದಿಂದ. ಕೈಗೆತ್ತುವುದು ಯಾವಾಗಲೂ ಬೆಳಿಗ್ಗೆ, ಮೊದಲು ಹಾವು ಎತ್ತುವ ಕೊಕ್ಕೆಕೋಲಾದ ಹುಕ್ಕಿನಿಂದ ನಡುಮೈಯನ್ನು ಒಮ್ಮೆ ಸವರಿದ ಮೇಲೆ. ಆ ಸ್ಪರ್ಶ ಆಯಿತೆಂದರೆ ಊಟವಿಲ್ಲ ಎಂಬುದನ್ನು ಅದು ಮೂರು ತಿಂಗಳಲ್ಲಿ ಕಲಿಯಿತು. ತಿಂದ ಎರಡು ದಿನವೂ, ಪೊರೆ ಬಿಡುವ ಮುಂಚೆ ಕಣ್ಣು ಹಾಲಿನಂತೆ ಮಸುಕಾದಾಗಲೂ ಮುಟ್ಟುವುದಿಲ್ಲ. ಒಮ್ಮೆ ಅವಸರಪಟ್ಟು ಎತ್ತಿದ್ದಕ್ಕೆ ನುಂಗಿದ ಇಲಿಯನ್ನು ನನ್ನ ಮಡಿಲಲ್ಲೇ ಕಕ್ಕಿತು. ಹಾವು ವಾಸನೆ ಹಿಡಿಯುವುದು ನಾಲಿಗೆ ಚಾಚಿ; ನಡುವೆ ಅದರದೇ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ: ಒಂದು ದಿನ ನಾನು ತೊಟ್ಟ ಬನಿಯನ್ ಅನ್ನು, ಮರುದಿನ ಸಾಬೂನು ಹಾಕಿ ಒಗೆದದ್ದನ್ನು ಗೂಡಿನಲ್ಲಿಟ್ಟು ನಾಲಿಗೆ ಚಾಚಿದ್ದನ್ನು ಎಣಿಸಿದೆ. ಒಗೆದದ್ದಕ್ಕೇ ಹೆಚ್ಚು ಚಾಚಿತು. ಬೆವರಿನ ವಾಸನೆ ಅದಕ್ಕೆ ಹಳತಾಗಿತ್ತು ಎಂದು ನನ್ನ ಊಹೆ.

ಇದನ್ನು ಕಂಡು ಹಾವು ನಾಯಿಯಂತೆ ಸಾಕುಪ್ರಾಣಿಯಾಯಿತು ಎಂದು ಬೀಗುವವರನ್ನು ನಾನು ಒಪ್ಪುವುದಿಲ್ಲ. ನನ್ನ ಹಾವು ನನ್ನನ್ನು ಪ್ರೀತಿಸುವುದಿಲ್ಲ, ಹೆದರುವುದನ್ನು ಬಿಟ್ಟಿದೆ, ಅಷ್ಟೆ. ಸಾಕುಪ್ರಾಣಿಯಾಗಲು ತಳಿಯೇ ಬದಲಾಗಬೇಕು: ಸೈಬೀರಿಯಾದಲ್ಲಿ ತಳಿವಿಜ್ಞಾನಿ ಬೆಲ್ಯಾಯೆವ್ 1959ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ ಸಾಧುಸ್ವಭಾವವನ್ನಷ್ಟೇ ನೋಡಿ ನರಿಗಳನ್ನು ತಲೆಮಾರಿನಿಂದ ತಲೆಮಾರಿಗೆ ಆರಿಸಿದರು. ನಮ್ಮ ಹಾವು ಸಾಕಣೆದಾರರು ಬಾಲ್ ಪೈಥಾನನ್ನು ಆರಿಸುವುದು ಬಣ್ಣ ನೋಡಿ. ಹೆಣ್ಣು ಮೊಟ್ಟೆಯಿಡುವ ಪ್ರಾಯಕ್ಕೆ ಬರಲು ಸುಮಾರು ಮೂರು ವರ್ಷ ಬೇಕು, ಇಡುವುದು ಆರೇಳು ಮೊಟ್ಟೆ. ಸ್ವಭಾವ ನೋಡಿ ಹತ್ತು ತಲೆಮಾರು ಆರಿಸುವಷ್ಟರಲ್ಲಿ ನನ್ನ ತಲೆಮಾರೇ ಮುಗಿದಿರುತ್ತದೆ.

ಕಳೆದ ವರ್ಷ ಅದೇ ಸಾಕಣೆದಾರರಿಂದ ಗಂಡೊಂದನ್ನು ತಂದೆ. ಅದೇ ಟ್ಯೂಬು, ಅದೇ ಹುಕ್ಕು, ಅದೇ ಹೊತ್ತು. ಎಂಟು ತಿಂಗಳಾದರೂ ವಾರಕ್ಕೊಮ್ಮೆ ನನ್ನ ಹೆಬ್ಬೆರಳಿಗೆ ಬಾಯಿ ಹಾಕುತ್ತದೆ.