ಅಧ್ಯಕ್ಷರಿಲ್ಲದೆ ಆರು ಮಳೆಗಾಲ: ನನ್ನ ಅನುಭವ

"ಅಧ್ಯಕ್ಷನಿಲ್ಲದ ಸಂಘ ಒಂದು ಮಳೆಗಾಲವೂ ನಿಲ್ಲದು" ಎಂದು ನನ್ನ ಜೊತೆ ಕೆಲಸ ಮಾಡಿದವರೇ ಹೇಳಿದ್ದರು. ಈಗ ಆರು ಮಳೆಗಾಲ ಕಳೆದಿದೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಎಣ್ಮಕಜೆ, ಪುತ್ತಿಗೆ ಕಡೆಯ ಕೊರಗ, ಮೊಗೇರ ಸಮುದಾಯದ ನಾಲ್ಕು ವಠಾರಗಳಲ್ಲಿ ಅರವತ್ತರ ಹತ್ತಿರ ಹುಡುಗ ಹುಡುಗಿಯರು ಸಂಘ ನಡೆಸುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನೂ ಚುರುಕಿನ ಒಬ್ಬನನ್ನು ಹುಡುಕಿ ಮುಂದೆ ನಿಲ್ಲಿಸುತ್ತಿದ್ದೆ. ಹಾಗೆ ಮೂವರು ಕೈತಪ್ಪಿದರು. ಒಬ್ಬನನ್ನು ಪಕ್ಷದವರು ಕರಕೊಂಡರು, ಒಬ್ಬ ಗಲ್ಫಿಗೆ ಹೋದ. ಮೂರನೆಯವನೊಡನೆ "ಇವ ದೊಡ್ಡ ಜನ ಆದ" ಎಂದು ವಠಾರದವರೇ ಮಾತು ಬಿಟ್ಟರು, ಅವನು ಕುಡಿತಕ್ಕೆ ಬಿದ್ದ. ಅದು ನನ್ನ ತಪ್ಪು, ಇವತ್ತಿಗೂ ನೋಯುತ್ತದೆ.

ದುಡ್ಡೂ ಹೋಯಿತು. ಕಾಸರಗೋಡು ಪೇಟೆಯಲ್ಲಿ ಮೂರು ದಿನದ ಶಿಬಿರಕ್ಕೆ ಹಾಲ್, ಊಟ, ಬಸ್ಸು ಸೇರಿ ಮೂವತ್ತೈದು ಸಾವಿರ ಮುಗಿಯಿತು. ನಲವತ್ತು ಮಂದಿ ಬರಬೇಕಿತ್ತು, ಬಂದದ್ದು ಹನ್ನೊಂದು. ಅಡಿಕೆ ಸುಲಿಯುವ ಸಮಯ, ಕೂಲಿ ಬಿಟ್ಟು ಯಾರು ಬರುತ್ತಾರೆ? ಬಂದವರಿಗೂ ಮಲಯಾಳದ ಪಾಠ ಅರ್ಧ ತಲೆಗೆ ಹತ್ತಲಿಲ್ಲ. ಆಮೇಲೆ ಸಭೆಯೆಲ್ಲ ವಠಾರದ ಅಂಗಳದಲ್ಲೇ, ರಾತ್ರಿ ಏಳೂವರೆಗೆ. ಮಾತು ತುಳುವಿನಲ್ಲಿ, ಬರೆಯುವುದು ಕನ್ನಡದಲ್ಲಿ. ಚಾ, ಅವಲಕ್ಕಿಗೆ ಇನ್ನೂರೈವತ್ತು ರೂಪಾಯಿ ಸಾಕು.

ಸಂಘದ ಕೆಲಸ ನೋಡುವವರು ಪ್ರತಿ ವಠಾರದಲ್ಲೂ ಐದು ಜನ, ಅದರಲ್ಲಿ ಮೂವರಾದರೂ ಹುಡುಗಿಯರು. ಮಾತಾಡುವುದು, ಪುಸ್ತಕದಲ್ಲಿ ಬರೆಯುವುದು, ದುಡ್ಡು ನೋಡುವುದು ಈ ಮೂರು ಕೆಲಸ ಎರಡು ತಿಂಗಳಿಗೊಮ್ಮೆ ಕೈ ಬದಲಾಗುತ್ತದೆ. ಬಿಟ್ಟವರು ಹೊಸಬರ ಪಕ್ಕದಲ್ಲೇ ಇನ್ನೊಂದು ಸರದಿ ಬಾಯಿ ಮುಚ್ಚಿ ಕೂರಬೇಕು. ಚುರುಕಿನವರಿಗೆ ಇದೇ ಕಷ್ಟ. ಕಚೇರಿಗೆ ಒಬ್ಬರೇ ಹೋಗುವಂತಿಲ್ಲ. ಮೊದಲ ಐವರನ್ನು ಹೇಗೆ ಆರಿಸುತ್ತೇನೆಂದು ಇಲ್ಲಿ ಬರೆಯುವುದಿಲ್ಲ, ಬಂದವರಿಗೆ ಎದುರೇ ತೋರಿಸುತ್ತೇನೆ.

ಒಮ್ಮೆ ಮೂವರು ಹುಡುಗಿಯರು ಕುಡಿಯುವ ನೀರಿನ ಅರ್ಜಿ ಹಿಡಿದು ಒಂದು ಕಚೇರಿಗೆ ಹೋದರು. "ಮಲಯಾಳದಲ್ಲಿ ಬರೆದು ತನ್ನಿ" ಎಂದ ಗುಮಾಸ್ತ. ಇಬ್ಬರು ಅಲ್ಲೇ ನಿಂತರು. ಮೂರನೆಯವಳು ಪುಸ್ತಕ ಬಿಡಿಸಿ ತಾರೀಕು, ಗಂಟೆ, ಅವನು ಹೇಳಿದ ಮಾತು ಬರೆದು, "ಇಷ್ಟೇ ಅಲ್ಲವಾ ನೀವು ಹೇಳಿದ್ದು?" ಎಂದು ಓದಿ ಕೇಳಿಸಿದಳು. ಕನ್ನಡದ ಅರ್ಜಿಗೇ ರಶೀದಿ ಸಿಕ್ಕಿತು. ಅವಳು ಹತ್ತನೇ ಕ್ಲಾಸು ಬಿಟ್ಟವಳು. ಗ್ರಾಮಸಭೆ ನಮ್ಮಲ್ಲಿ ವಾರ್ಡಿನದ್ದು, ಮೂರು ತಿಂಗಳಿಗೊಮ್ಮೆ ಕರೆಯಲೇಬೇಕು. ಹತ್ತರಲ್ಲಿ ಒಂದು ಪಾಲು ಮತದಾರರು ಬಾರದಿದ್ದರೆ ಕೋರಂ, ಅಂದರೆ ಸಭೆಗೆ ಬೇಕಾದಷ್ಟು ಜನ, ಇಲ್ಲ. ಮೊದಲು ಸಹಿಗಷ್ಟೇ ಹೋಗುತ್ತಿದ್ದ ನಮ್ಮವರು ಈಗ ಮುಂದಿನ ಬೆಂಚಲ್ಲಿ ಕೂರುತ್ತಾರೆ. ನೀರಿನ ಪೈಪು ಬರಲು ಹದಿನಾಲ್ಕು ತಿಂಗಳು ಹಿಡಿಯಿತು, ಆದರೆ ಬಂತು.

ನಡುವೆ ಬೀಳಿನ, ಅಂದರೆ ಕಾಡುಬಳ್ಳಿಯ, ಬುಟ್ಟಿ ಒಟ್ಟಿಗೆ ಮಾರಲು ಹೋಗಿ ನಾಲ್ಕು ಸಾವಿರ ನಷ್ಟ. ಪ್ಲಾಸ್ಟಿಕ್ಕಿನ ಎದುರು ಬೆಲೆ ನಿಲ್ಲಲಿಲ್ಲ. ಆದರೆ ಕಾಡಿಗೆ ಹೋಗಿ ಬೀಳು ತರುವ ದಿನಕ್ಕೂ ಕೂಲಿ ಲೆಕ್ಕ ಹಾಕಬೇಕೆಂದು ಹುಡುಗರಿಗೆ ತಿಳಿದದ್ದು ಆ ನಷ್ಟದ ಮೇಲಿನ ಜಗಳದಲ್ಲೇ.

2024ರ ಜೂನ್‌ನಲ್ಲಿ ಕೇರಳ ಸರಕಾರ ಇಂಥ ವಠಾರಗಳಿಗೆ 'ಕಾಲನಿ' ಎಂಬ ಹೆಸರು ಬೇಡ, ನಗರ, ಉನ್ನತಿ, ಪ್ರಕೃತಿ ಎಂದೋ ಊರವರು ಒಪ್ಪಿದ ಹೆಸರೋ ಇಡಿ ಎಂದಿತು. ಒಂದು ವಠಾರದಲ್ಲಿ ಹೆಸರಿಗಾಗಿ ಎರಡು ರಾತ್ರಿ ಚರ್ಚೆ. ಹಲಗೆಗೆ, ಪೈಂಟಿಗೆ ಆರುನೂರು. ಒಬ್ಬೊಬ್ಬರೂ ಒಂದೊಂದು ಅಕ್ಷರ ಬರೆದರು. ಅಕ್ಷರ ಸಣ್ಣ ದೊಡ್ಡ ಆಗಿದೆ, ಪೈಂಟರಿಂದ ಬರೆಸೋಣ ಎಂದೆ. ಆ ತಿಂಗಳು ಪುಸ್ತಕದ ಸರದಿಯಲ್ಲಿದ್ದವಳು ನನ್ನ ಮಾತನ್ನೂ ಬರೆದುಕೊಂಡು, ಎಲ್ಲರನ್ನೂ ಕೇಳಿ, ಕೆಳಗೆ 'ಬೇಡ' ಎಂದು ಬರೆದಳು.